ಮೂಗಿಗಿಂತ ಮೂಗುತಿ ಭಾರ

ಹಳೆಯ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡ್ ತೆಗೆಸಿ ಹೊಸದು ಹಾಕಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಎರಡೇ ಅಕ್ಷರದ್ದು: ಇಲ್ಲ. ಅವಸರದವರು ಇಲ್ಲಿಗೇ ಓದು ನಿಲ್ಲಿಸಿ ಕಾಫಿಗೆ ಎದ್ದು ಹೋಗಬಹುದು. ಸೋಜಿಗವೆಂದರೆ ಈ ಎರಡಕ್ಷರವನ್ನು ಬಾಯಿಬಿಟ್ಟು ಹೇಳುವ ಮನುಷ್ಯ ಮಾತ್ರ ಊರಲ್ಲೆಲ್ಲೂ ಸಿಗುವುದಿಲ್ಲ. ಲ್ಯಾಪ್‌ಟಾಪ್ ಮಾರಿದ ಅಂಗಡಿಯವನು ‘ಸರ್ವಿಸ್ ಸೆಂಟರ್‌ನಲ್ಲಿ ಒಂದ್ಮಾತು ಕೇಳ್ನೋಡಿ ಸಾರ್’ ಎನ್ನುತ್ತಾನೆ. ಸರ್ವಿಸ್ ಸೆಂಟರಿನಲ್ಲಿ ಟೈ ಕಟ್ಟಿ ಕೂತ ಹುಡುಗ ‘ಆ ಮಾಡೆಲ್ ಈಗ ಡಿಸ್‌ಕಂಟಿನ್ಯೂ ಸಾರ್’ ಎಂದು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಾನೆ. ಸಾಫ್ಟ್‌ವೇರ್ ಕಂಪನಿಯಲ್ಲಿರುವ ಅಕ್ಕನ ಮಗ ಅಲ್ಲಿ ಮಾಡುವುದು ಸಂಬಳದ ಲೆಕ್ಕ ಬರೆಯುವ ಕೆಲಸವಾದರೂ ನೆಂಟರಿಷ್ಟರ ಕಂಪ್ಯೂಟರುಗಳಿಗೆಲ್ಲ ಅವನೇ ಧನ್ವಂತರಿ. ಅವನು ‘ಅದನ್ನ ಎಸೆದು ಹೊಸದು ತಗೊಳ್ಳಿ ಮಾಮ, ಇಎಂಐ ಇದೆಯಲ್ಲ’ ಎಂದು ಫೋನಿಡುತ್ತಾನೆ. ಮೂವರ ಮಾತಿನಲ್ಲೂ ‘ಇಲ್ಲ’ ಇದೆ, ಆದರೆ ಯಾರೂ ಅದನ್ನು ಹೇಳಿಲ್ಲ.

ಈ ಪ್ರಶ್ನೆಗೂ ಒಂದು ಸೀಸನ್ ಇದೆ. ಸಿಇಟಿ ಸೀಟು ಹಂಚಿಕೆ ಮುಗಿದು ಮಗ ಮೆಕ್ಯಾನಿಕಲ್ಲೋ ಆರ್ಕಿಟೆಕ್ಚರೋ ಸೇರಿದ ಮೇಲೆ ಅದು ಮನೆಮನೆಯಲ್ಲೂ ತಲೆಯೆತ್ತುತ್ತದೆ. ಕಾಲೇಜಿನ ಫೀಸು, ಹಾಸ್ಟೆಲಿನ ಅಡ್ವಾನ್ಸು ಕಟ್ಟಿ ಸುಸ್ತಾದ ಅಪ್ಪ, 2014ರಲ್ಲಿ ತಾನು ಕೊಂಡಿದ್ದ ಲ್ಯಾಪ್‌ಟಾಪಿನ ಧೂಳೊರೆಸಿ, ಹೊಸ ಬ್ಯಾಟರಿ ಹಾಕಿಸಿ, ವಂಶಪಾರಂಪರ್ಯದ ಆಸ್ತಿ ಹಸ್ತಾಂತರಿಸುವ ಗಾಂಭೀರ್ಯದಲ್ಲಿ ಮಗನ ಕೈಗಿಡುತ್ತಾನೆ. ವಾರ ತುಂಬುವುದರೊಳಗೆ ಮಗ ವಾಪಸು ಬರುತ್ತಾನೆ. ‘ಅಪ್ಪಾ, ಇದ್ರಲ್ಲಿ ನನ್ ಪ್ರಾಜೆಕ್ಟ್ ಓಡಲ್ಲ. ಗ್ರಾಫಿಕ್ಸ್ ಕಾರ್ಡ್ ಸಾಲ್ತಿಲ್ಲ.’ ಆ ಪ್ರಾಜೆಕ್ಟಿನ ಹೆಸರು ಜಿಟಿಎ ಎಂಬುದು ಅಪ್ಪನೊಬ್ಬನನ್ನು ಬಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಅಪ್ಪನಿಗೆ ಇದು ನೇರ ಅವಮಾನ. ಏಕೆಂದರೆ ಕೀಬೋರ್ಡಿನ ಪಕ್ಕದಲ್ಲಿ ಇವತ್ತಿಗೂ ಹಸಿರು ಸ್ಟಿಕರು ಹೊಳೆಯುತ್ತಿದೆ. ‘2 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದೆ ಕಣೋ! ಅದಕ್ಕೇ ಅಂತ ಜಾಸ್ತಿ ದುಡ್ಡು ಕೊಟ್ಟು ತಂದಿದ್ದು!’ ಅವನು ಸುಳ್ಳು ಹೇಳುತ್ತಿಲ್ಲ. ನಿಜವಾಗಿಯೂ ಜಾಸ್ತಿ ದುಡ್ಡು ಕೊಟ್ಟಿದ್ದ. ಯಾವುದಕ್ಕೆ ಕೊಟ್ಟಿದ್ದ ಎಂಬುದನ್ನು ನೋಡಬೇಕಾದರೆ ಆ ಸ್ಟಿಕರಿನ ಜಾತಕವನ್ನೇ ಬಿಡಿಸಬೇಕು.

ಎನ್‌ವಿಡಿಯಾ ಕಂಪನಿಯ ಬಳಿ ಜಿಎಫ್117 ಎಂಬ ಚಿಪ್ ಒಂದಿತ್ತು. ಅದರ ಮೂಲ ವಿನ್ಯಾಸ ಫರ್ಮಿ ಎಂಬ 2010ರ ತಲೆಮಾರಿನದು. 2012ರಲ್ಲಿ ಅದಕ್ಕೆ ಜೀಫೋರ್ಸ್ 620ಎಂ ಎಂದು ನಾಮಕರಣವಾಯಿತು. 2013ರಲ್ಲಿ ಅದೇ ಕೂಸಿಗೆ 710ಎಂ ಎಂದು ಮತ್ತೊಂದು ನಾಮಕರಣ. 2014ರಲ್ಲಿ 820ಎಂ ಎಂದು ಮಗದೊಂದು. ವೇಗದಲ್ಲಿ ಅಷ್ಟಿಷ್ಟು ಏರುಪೇರು ಮಾಡಿದ್ದು ಬಿಟ್ಟರೆ ತೊಟ್ಟಿಲೂ ಅದೇ, ಕೂಸೂ ಅದೇ. ಆದ್ದರಿಂದ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡ್ ಅಪ್‌ಗ್ರೇಡ್ ಆಗುವುದೇ ಇಲ್ಲ ಎಂಬುದು ಅರ್ಧಸತ್ಯ. ವರ್ಷವರ್ಷವೂ ತಪ್ಪದೆ ಆಗಿದೆ, ಸ್ಟಿಕರಿನಲ್ಲಿ.

ಇನ್ನು ಆ ‘2 ಜಿಬಿ’. ಗ್ರಾಫಿಕ್ಸ್ ಕಾರ್ಡಿನ ಯೋಗ್ಯತೆಯನ್ನು ಅದರ ಮೆಮೊರಿಯ ಗಾತ್ರದಿಂದ ಅಳೆಯುವ ಪದ್ಧತಿಯನ್ನು ನಮ್ಮ ಶೋರೂಮುಗಳು ಜನರ ತಲೆಗೆ ಎಷ್ಟು ಚೆನ್ನಾಗಿ ತುಂಬಿವೆಯೆಂದರೆ, ಇವತ್ತಿಗೂ ಗಿರಾಕಿ ‘ಯಾವ ಚಿಪ್?’ ಎನ್ನುವುದಿಲ್ಲ, ‘ಎಷ್ಟು ಜಿಬಿ?’ ಎನ್ನುತ್ತಾನೆ. ಆ 820ಎಂ ಕಾರ್ಡಿನ ಮೆಮೊರಿಗೆ ಇದ್ದದ್ದು 64 ಬಿಟ್‌ನ ಓಣಿ. ಅದರಲ್ಲಿ ಸೆಕೆಂಡಿಗೆ ಸುಮಾರು 14 ಜಿಬಿ ಹರಿಯಬಹುದು. ಅದೇ ಲ್ಯಾಪ್‌ಟಾಪಿಗೆ 1600 ವೇಗದ ಡಿಡಿಆರ್3 ರಾಮ್ ಎರಡು ಪಟ್ಟಿ ಹಾಕಿಸಿದರೆ, ಆ ಸಾಮಾನ್ಯ ಮೆಮೊರಿಯಲ್ಲಿ ಸೆಕೆಂಡಿಗೆ 25 ಜಿಬಿಗೂ ಮಿಕ್ಕಿ ಹರಿಯುತ್ತದೆ. ಅಂದರೆ ಹೆಚ್ಚು ದುಡ್ಡು ಕೊಟ್ಟು ತಂದ ‘ಪ್ರತ್ಯೇಕ’ ಕಾರ್ಡಿನ ಖಾಸಗಿ ರಸ್ತೆ, ಪುಕ್ಕಟೆ ಸಿಕ್ಕ ಇಂಟೆಲ್ ಗ್ರಾಫಿಕ್ಸ್ ಓಡಾಡುವ ಸಾರ್ವಜನಿಕ ರಸ್ತೆಗಿಂತ ಕಿರಿದು. ಅದರ ಚಾಲಕ ತಂತ್ರಾಂಶವನ್ನು, ಅಂದರೆ ಡ್ರೈವರನ್ನು, ಹೊಸ ಆಟಗಳಿಗೆ ಹೊಂದಿಸುವುದನ್ನು ಕಂಪನಿ 2018ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಅಪ್ಪ ಅದನ್ನು ಮಗನಿಗೆಂದು ಜೋಪಾನ ಮಾಡಿಟ್ಟ.

ಇದು ಹಳೆಯ ಕಾಲದ ಮೋಸ, ಈಗ ಸರಿಯಾಗಿದೆ ಎಂದುಕೊಂಡವರು ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4090 ಮತ್ತು ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4090 ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಮೊದಲನೆಯದಕ್ಕೆ 24 ಜಿಬಿ ಮೆಮೊರಿ, 450 ವ್ಯಾಟ್ ಹಸಿವು. ಎರಡನೆಯದಕ್ಕೆ 16 ಜಿಬಿ, ಹೆಚ್ಚೆಂದರೆ 175 ವ್ಯಾಟ್. ಒಳಗಿರುವ ಚಿಪ್ಪೂ ಬೇರೆ: ಡೆಸ್ಕ್‌ಟಾಪಿನಲ್ಲಿ 4080 ಎಂದು ಮಾರಾಟವಾದ ಚಿಪ್ ಲ್ಯಾಪ್‌ಟಾಪಿಗೆ ಬರುವಾಗ 4090 ಆಗಿ ಬಡ್ತಿ ಪಡೆಯಿತು. ಸರ್ಕಾರಿ ಕಚೇರಿಯಲ್ಲಿ ನಿವೃತ್ತಿಯ ದಿನವಾದರೂ ಕಾಯಬೇಕು. ಇಲ್ಲಿ ವಿನ್ಯಾಸದ ಮೇಜಿನ ಮೇಲೇ ಬಡ್ತಿ.

ಹೋಗಲಿ, ಇರುವುದನ್ನು ತೆಗೆದು ಒಳ್ಳೆಯದೊಂದನ್ನು ಹಾಕೋಣವೆಂದರೆ ಏನು ಅಡ್ಡಿ? ‘ಕಾರ್ಡ್’ ಎಂದು ನಾವು ಕರೆಯುವ ವಸ್ತು ಲ್ಯಾಪ್‌ಟಾಪಿನೊಳಗೆ ಕಾರ್ಡಿನ ರೂಪದಲ್ಲಿ ಇರುವುದೇ ಇಲ್ಲ. ಬೆರಳುಗುರಿಗಿಂತ ತುಸು ದೊಡ್ಡದಾದ ಕಪ್ಪು ಚಿಪ್ಪು, ಅದರ ಹೊಟ್ಟೆಯಡಿ ನೂರಾರು ಸಣ್ಣ ಬೆಸುಗೆಯ ಗುಂಡುಗಳು. ಸೀಸವಿಲ್ಲದ ಆ ಬೆಸುಗೆ ಸುಮಾರು 217 ಡಿಗ್ರಿಗೆ ಕರಗಿ ಮದರ್‌ಬೋರ್ಡಿಗೆ ಅಂಟಿಕೊಳ್ಳುತ್ತದೆ. ರಿಪೇರಿಯವರು ಇದನ್ನು ‘ಬಿಜಿಎ’ ಎನ್ನುತ್ತಾರೆ. ಚಿಪ್ಪನ್ನು ಕಿತ್ತರೆ ಮುಗಿಯಲಿಲ್ಲ. ಸುತ್ತಲಿನ ಮೆಮೊರಿ ಚಿಪ್ಪುಗಳು ಅದರ ಲೆಕ್ಕಕ್ಕೆ ಕೂತಿರುತ್ತವೆ. ಕರೆಂಟು ಸರಬರಾಜು ಅದರ ಹಸಿವಿಗೆ ತಕ್ಕಷ್ಟೇ. ತಾಮ್ರದ ಪೈಪು, ಫ್ಯಾನು ಅದರ ಬಿಸಿಗೆ ತಕ್ಕಷ್ಟೇ. ಗೋಡೆಗೆ ಸಿಕ್ಕಿಸುವ ಅಡಾಪ್ಟರು 65 ವ್ಯಾಟಿನದು, ಅದರಲ್ಲಿ ಪರದೆ, ಪ್ರೊಸೆಸರು, ಬ್ಯಾಟರಿ ಎಲ್ಲದರ ಊಟವೂ ಆಗಬೇಕು. ಇಂಥ ಮನೆಗೆ 115 ವ್ಯಾಟಿನ ಅಳಿಯನನ್ನು ತಂದರೆ ದೀಪಾವಳಿ ಮೊದಲ ರಾತ್ರಿಯೇ.

ಇದನ್ನೆಲ್ಲ ಕೇಳಿದವರು ಪ್ರಕೃತಿಯ ನಿಯಮವೆಂದು ತಲೆದೂಗಿ ಸುಮ್ಮನಾಗುತ್ತಾರೆ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ, ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಬೆಸುಗೆಯಲ್ಲಿ ಕೂರುತ್ತದೆ. ನನ್ನ ತಕರಾರು ಇಲ್ಲಿಂದಲೇ ಶುರು. ಹೀಗಿರಲೇಬೇಕೆಂದು ಯಾವ ಭೌತಶಾಸ್ತ್ರವೂ ಹೇಳಿಲ್ಲ. ಎಂಎಕ್ಸ್‌ಎಂ ಎಂಬ ಹೆಸರಿನ ಸ್ಲಾಟ್ ಒಂದಿತ್ತು. 2004ರ ಹೊತ್ತಿಗೆ ಅದನ್ನು ತಂದದ್ದು ಬೇರೆ ಯಾರೂ ಅಲ್ಲ, ಇದೇ ಎನ್‌ವಿಡಿಯಾ ಮತ್ತು ಅದರ ಜೊತೆಗಾರ ಕಂಪನಿಗಳು. ಅಂಗೈಯಗಲದ ಸಣ್ಣ ಹಲಗೆಯ ಮೇಲೆ ಗ್ರಾಫಿಕ್ಸ್ ಚಿಪ್ಪೂ ಮೆಮೊರಿಯೂ ಕೂತು, ಆ ಹಲಗೆ ಸ್ಲಾಟಿನಲ್ಲಿ ಸಿಕ್ಕಿಕೊಳ್ಳುವ ಏರ್ಪಾಟು. ಕೆಟ್ಟರೆ ಬಿಚ್ಚು, ಹಳತಾದರೆ ಬದಲಿಸು. ಡೆಲ್ಲಿನ ಪ್ರಿಸಿಷನ್, ಎಚ್‌ಪಿಯ ಎಲೈಟ್‌ಬುಕ್ ಮತ್ತು ಜೆಡ್‌ಬುಕ್‌ಗಳ ದೊಡ್ಡಣ್ಣಂದಿರು, ಏಲಿಯನ್‌ವೇರ್, ಎಂಎಸ್‌ಐ, ತೈವಾನಿನ ಕ್ಲೆವೊ ಇವರೆಲ್ಲ ಅದನ್ನು ವರ್ಷಗಟ್ಟಲೆ ಬಳಸಿದರು. ಎಂಜಿನಿಯರುಗಳು ಬಾಗಿಲು ಮಾಡಿಯೇ ಕೊಟ್ಟಿದ್ದರು. ಕೀಲಿ ಹಾಕಿದ್ದು ಮಾರಾಟ ವಿಭಾಗ.

ಕೀಲಿ ಹಾಕಿದ ರೀತಿಯನ್ನು ಮೆಚ್ಚಬೇಕು. ಸ್ಲಾಟ್ ರದ್ದು ಎಂದು ಯಾರೂ ಘೋಷಿಸಲಿಲ್ಲ. ಪ್ರತಿ ಕಂಪನಿಯೂ ಸ್ಟ್ಯಾಂಡರ್ಡನ್ನು ಗೌರವಿಸುತ್ತಲೇ ಅದರಿಂದ ಒಂದೊಂದು ಮಿಲಿಮೀಟರ್ ಸರಿಯಿತು. ಒಬ್ಬರ ಕಾರ್ಡಿನ ಸ್ಕ್ರೂ ತೂತು ಇನ್ನೊಬ್ಬರ ಹೀಟ್‌ಸಿಂಕಿಗೆ ಕೂರದು. ಇನ್ನೊಬ್ಬರ ಕಾರ್ಡು ಕೂತರೂ ಅದರ ಒಳಗಿನ ಬಯಾಸ್ ಎಂಬ ಮೂಲ ತಂತ್ರಾಂಶ ಈ ಲ್ಯಾಪ್‌ಟಾಪಿನ ಪರದೆಯನ್ನು ಗುರುತಿಸದು. ಗುರುತಿಸಿದರೂ ಫ್ಯಾನು ತಿರುಗದು. ಹೀಗಾಗಿ ಎಲ್ಲರೂ ಒಪ್ಪಿದ ಸ್ಟ್ಯಾಂಡರ್ಡು ಇದ್ದೂ ಯಾರದ್ದೂ ಯಾರಿಗೂ ಹೊಂದದ ಸ್ಥಿತಿ ಬಂತು. ಬಿಡಿ ಕಾರ್ಡು ಅಧಿಕೃತವಾಗಿ ಎಲ್ಲೂ ಸಿಗದು, ಸಿಕ್ಕ ಕಡೆ ಅದರ ಬೆಲೆಗೆ ಒಂದು ಇಡೀ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೇ ಬರುವುದು. ಆಮೇಲೆ ಕಂಪನಿಗಳು ‘ಗ್ರಾಹಕರಿಗೆ ಅಪ್‌ಗ್ರೇಡಿನಲ್ಲಿ ಆಸಕ್ತಿ ಇಲ್ಲ’ ಎಂದು ಕಂಡುಕೊಂಡವು. ಬಸ್ ಸ್ಟಾಪನ್ನು ಎತ್ತಿಬಿಟ್ಟು, ಇಲ್ಲಿ ಜನವೇ ಹತ್ತುವುದಿಲ್ಲ ಎಂದು ವರದಿ ಬರೆಯುವ ಅಧಿಕಾರಿಗಳು ಖಾಸಗಿ ವಲಯದಲ್ಲೂ ಇದ್ದಾರೆ.

ನಡುವೆ ಒಮ್ಮೆ ಆಸೆಯ ಮಿಂಚೂ ಹೊಳೆಯಿತು. 2019ರ ಜನವರಿಯಲ್ಲಿ ಡೆಲ್ ಕಂಪನಿ ಏಲಿಯನ್‌ವೇರ್ ಏರಿಯಾ-51ಎಂ ಎಂಬ ಲ್ಯಾಪ್‌ಟಾಪನ್ನು ಲಾಸ್ ವೇಗಸ್‌ನ ಮೇಳದಲ್ಲಿ ತೋರಿಸಿತು. ಪ್ರೊಸೆಸರೂ ಬದಲಿಸಬಹುದು, ಗ್ರಾಫಿಕ್ಸೂ ಬದಲಿಸಬಹುದು ಎಂಬುದೇ ಅದರ ಡಂಗುರ. ಅದಕ್ಕೆ ಕರೆಂಟು ಉಣಿಸಲು ಒಂದಲ್ಲ ಎರಡು ಅಡಾಪ್ಟರು, ತೂಕ ನಾಲ್ಕು ಕಿಲೋಗೆ ಸ್ವಲ್ಪವೇ ಕಡಿಮೆ. ತೊಡೆಯ ಮೇಲಿಟ್ಟುಕೊಂಡವನ ತೊಡೆಗೆ ಆಪತ್ತು, ಆದರೂ ಭಕ್ತರು ಕೊಂಡರು. ಒಳಗಿನ ಗ್ರಾಫಿಕ್ಸ್ ಹಲಗೆ ಮಾತ್ರ ಎಂಎಕ್ಸ್‌ಎಂ ಆಗಿರಲಿಲ್ಲ, ಡೆಲ್ ತನಗೆಂದೇ ಮಾಡಿಕೊಂಡ ಹೊಸ ಆಕಾರದ್ದು. ಅಂದರೆ ಬದಲಿಸುವ ಹಕ್ಕು ಗ್ರಾಹಕನದು, ಯಾವುದಕ್ಕೆ ಬದಲಿಸಬೇಕೆಂಬ ನಿರ್ಧಾರ ಕಂಪನಿಯದು. 2020ರಲ್ಲಿ ಹೊಸ ತಲೆಮಾರಿನ ಪ್ರೊಸೆಸರ್, ಹೊಸ ಗ್ರಾಫಿಕ್ಸ್ ಬಂದವು. ಅವು ಬಂದದ್ದು ಏರಿಯಾ-51ಎಂ ಆರ್2 ಎಂಬ ಹೊಸ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ. ಹಳೆಯದನ್ನು ಕೊಂಡವರಿಗೆ ಆ ಭಾಗಗಳು ಹೊಂದುವುದಿಲ್ಲ, ಅಪ್‌ಗ್ರೇಡಿನ ಮಾತು ದಾರಿತಪ್ಪಿಸುವಂಥದ್ದು ಎಂಬ ಆರೋಪ ಹೊತ್ತು 2021ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ದಾವೆ ಬಿತ್ತು. ಲ್ಯಾಪ್‌ಟಾಪನ್ನು ಅಪ್‌ಗ್ರೇಡ್ ಮಾಡಲು ಬೇಕಾದ ಉಪಕರಣಗಳ ಪಟ್ಟಿಗೆ ಸ್ಕ್ರೂ ಡ್ರೈವರಿನ ಜೊತೆ ವಕೀಲರೂ ಸೇರಿದ್ದು ಹೀಗೆ.

ನಮ್ಮ ಎಂಜಿನಿಯರಿಂಗ್ ಹುಡುಗರು ಇಷ್ಟಕ್ಕೆಲ್ಲ ಸೋಲುವವರಲ್ಲ. ಒಳಗೆ ಜಾಗವಿಲ್ಲದಿದ್ದರೆ ಹೊರಗಿಂದ ಹಾಕೋಣ ಎನ್ನುತ್ತಾರೆ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಥಂಡರ್‌ಬೋಲ್ಟ್ ಎಂಬ ಕಿಂಡಿ ಇರುತ್ತದೆ, ಡಬ್ಬಿಯೊಂದರಲ್ಲಿ ಡೆಸ್ಕ್‌ಟಾಪ್ ಕಾರ್ಡ್ ಕೂರಿಸಿ ಅದಕ್ಕೆ ಜೋಡಿಸಬಹುದು. ಅಪ್ಪನ 2014ರ ಲ್ಯಾಪ್‌ಟಾಪಿಗೆ ಆ ಭಾಗ್ಯವಿಲ್ಲ. ಹಾಗಾಗಿ ತಳದ ಮುಚ್ಚಳ ತೆಗೆದು, ವೈಫೈ ಕಾರ್ಡ್ ಕಿತ್ತು, ಆ ಸಂದಿಗೆ ಚಪ್ಪಟೆ ಕೇಬಲೊಂದನ್ನು ಸಿಕ್ಕಿಸಿ, ಅದರ ಇನ್ನೊಂದು ತುದಿಗೆ ಚೀನಾದಿಂದ ತರಿಸಿದ ಅಡಾಪ್ಟರ್ ಹಲಗೆ, ಅದರ ಮೇಲೆ ಡೆಸ್ಕ್‌ಟಾಪಿನ ಗ್ರಾಫಿಕ್ಸ್ ಕಾರ್ಡ್, ಅದಕ್ಕೆ ಕರೆಂಟು ಕೊಡಲು ಡೆಸ್ಕ್‌ಟಾಪಿನ ಎಸ್‌ಎಂಪಿಎಸ್, ಚಿತ್ರ ಸರಿಯಾದ ವೇಗದಲ್ಲಿ ನೋಡಲು ಪ್ರತ್ಯೇಕ ಮಾನಿಟರು. ವೈಫೈ ಹೋಯಿತಲ್ಲ, ಅದಕ್ಕೊಂದು ಯುಎಸ್‌ಬಿ ಕಡ್ಡಿ. ಮುಚ್ಚಳ ತೆಗೆದ ಲ್ಯಾಪ್‌ಟಾಪು ಅಲುಗದಂತೆ ಎರಡು ಪಠ್ಯಪುಸ್ತಕ. ಆ ಪುಸ್ತಕಗಳಿಗೆ ನಾಲ್ಕು ವರ್ಷದಲ್ಲಿ ಸಿಕ್ಕ ಏಕೈಕ ಉಪಯೋಗ ಅದು. ಮೂಗಿಗಿಂತ ಮೂಗುತಿ ಭಾರ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಇದನ್ನು ನೋಡದೆಯೇ.

ಮೂಗುತಿಯ ಹೊಳಪಾದರೂ ಪೂರ್ತಿ ಕಾಣುತ್ತದೆಯೇ? ಡೆಸ್ಕ್‌ಟಾಪಿನಲ್ಲಿ ಆ ಕಾರ್ಡಿಗೆ 16 ಪಥಗಳ ಹೆದ್ದಾರಿ ಇರುತ್ತದೆ, ಸೆಕೆಂಡಿಗೆ ಸುಮಾರು 16 ಜಿಬಿ. ವೈಫೈ ಸಂದಿಯಲ್ಲಿ ಸಿಗುವುದು ಒಂದೇ ಪಥ, ಅದೂ ಹಳೆಯ ವೇಗದ್ದು, ಸೆಕೆಂಡಿಗೆ 500 ಎಂಬಿ. ಮೂವತ್ತೆರಡರಲ್ಲಿ ಒಂದು ಪಾಲು. ಕೆಲವು ಕಂಪನಿಗಳು ಇನ್ನೂ ಮುಂದಾಲೋಚನೆಯವು: ತಾವು ಒಪ್ಪಿದ ವೈಫೈ ಕಾರ್ಡ್ ಬಿಟ್ಟು ಬೇರೇನೇ ಕಂಡರೂ ಲ್ಯಾಪ್‌ಟಾಪು ಬೂಟ್ ಆಗದಂತೆ ಬಯಾಸಿನಲ್ಲಿ ಪಟ್ಟಿ ಬರೆದಿಟ್ಟಿದ್ದವು. ಎಚ್‌ಪಿ, ಲೆನೊವೊಗಳ ಅನೇಕ ಮಾಡೆಲುಗಳಲ್ಲಿ ಈ ಕುಲಗೋತ್ರ ವಿಚಾರಣೆ ಇತ್ತು. ಗ್ರಾಹಕ ಕೊಂಡ ಯಂತ್ರದೊಳಗೆ ಗ್ರಾಹಕ ಏನು ಸಿಕ್ಕಿಸಬಾರದು ಎಂಬ ಚಿಂತೆಯಲ್ಲಿ ಯಾರೋ ಸಂಬಳ ತೆಗೆದುಕೊಂಡು ಕೂತು ಆ ಪಟ್ಟಿ ಬರೆದಿದ್ದಾರೆ. ಆಪಲ್ ಕಂಪನಿಯದು ಇನ್ನೂ ಚೊಕ್ಕ: 2018ರಲ್ಲಿ ಹೊರಗಿನ ಗ್ರಾಫಿಕ್ಸಿಗೆ ಬಾಗಿಲು ತೆರೆಯಿತು, 2020ರಲ್ಲಿ ಸ್ವಂತ ಎಂ1 ಚಿಪ್ ತಂದಾಗ ಅದರಲ್ಲಿ ಆ ಬಾಗಿಲೇ ಇರಲಿಲ್ಲ.

ಇಷ್ಟಾದ ಮೇಲೂ ಬಿಡದವರು ಕೊನೆಗೆ ಬಂದು ಸೇರುವುದು ‘ಚಿಪ್ ಲೆವೆಲ್ ಸರ್ವಿಸ್’ ಎಂದು ಬೋರ್ಡ್ ಹಾಕಿದ ಅಂಗಡಿಗೆ. ಇಲ್ಲಿನ ಪೂಜಾರಿಗಳ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಭೂತಗನ್ನಡಿಯಡಿ ಕೂದಲೆಳೆಯ ತಂತಿ ಬೆಸೆದು ಸತ್ತ ಬೋರ್ಡನ್ನು ಬದುಕಿಸುವವರು ಅವರಲ್ಲಿದ್ದಾರೆ. ಆದರೆ ಗ್ರಾಫಿಕ್ಸ್ ವಿಷಯಕ್ಕೆ ಬಂದರೆ ಒಂದು ದೊಡ್ಡ ಐತಿಹಾಸಿಕ ಪವಾಡವೇ ಅವರ ಬೆನ್ನಿಗಿದೆ. 2008ರ ಜುಲೈಯಲ್ಲಿ ಎನ್‌ವಿಡಿಯಾ ತನ್ನ ಲ್ಯಾಪ್‌ಟಾಪ್ ಚಿಪ್ಪುಗಳು ಅಸಹಜ ಪ್ರಮಾಣದಲ್ಲಿ ಸಾಯುತ್ತಿವೆ ಎಂದು ಒಪ್ಪಿಕೊಂಡು 15 ಕೋಟಿಯಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. ಸಿಲಿಕಾನ್ ತುಣುಕಿಗೂ ಅದು ಕೂತ ತಳಕ್ಕೂ ನಡುವಿನ ಸೂಕ್ಷ್ಮ ಬೆಸುಗೆ, ಬಿಸಿಯಾಗಿ ತಣ್ಣಗಾಗಿ ಬಿಸಿಯಾಗಿ ಬಿರುಕು ಬಿಡುತ್ತಿತ್ತು. ಜಗತ್ತಿನಾದ್ಯಂತ ಲ್ಯಾಪ್‌ಟಾಪ್ ಪರದೆಗಳು ಕಪ್ಪಾದವು. ಆಗ ಹೀಟ್ ಗನ್ ಹಿಡಿದು ಚಿಪ್ಪಿಗೆ ಬಿಸಿಗಾಳಿ ಬಿಟ್ಟರೆ ಪರದೆ ಮತ್ತೆ ಬೆಳಗುತ್ತದೆ ಎಂಬುದನ್ನು ಯಾರೋ ಕಂಡುಕೊಂಡರು. ಮನೆಯ ಒವನ್ನಿನಲ್ಲಿ ಬೋರ್ಡು ಬೇಯಿಸಿದವರೂ ಉಂಟು. ಬಿರುಕು ತಾತ್ಕಾಲಿಕವಾಗಿ ಕೂಡಿಕೊಳ್ಳುತ್ತಿತ್ತು, ವಾರಗಳಲ್ಲೋ ತಿಂಗಳಲ್ಲೋ ಮತ್ತೆ ಬಿಡುತ್ತಿತ್ತು. ಇದಕ್ಕೆ ‘ರೀಬಾಲಿಂಗ್’ ಎಂದು ಬಿಲ್ ಆಗುತ್ತಿತ್ತು. ಬದಲಾಗುತ್ತಿದ್ದದ್ದು ಕೆಳಗಿನ ದೊಡ್ಡ ಗುಂಡುಗಳು, ಕೆಟ್ಟಿದ್ದದ್ದು ಒಳಗಿನ ಸಣ್ಣವು. 2011ರ ಮ್ಯಾಕ್‌ಬುಕ್ ಪ್ರೊಗಳಲ್ಲಿ ಗ್ರಾಫಿಕ್ಸ್ ಕೈಕೊಟ್ಟಾಗ ಆಪಲ್ ಉಚಿತ ರಿಪೇರಿಯ ಯೋಜನೆ ತಂದದ್ದು 2015ರ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ತಾಳ್ಮೆ ಇಲ್ಲದವರು ಬೇಯಿಸಿ ಮುಗಿಸಿದ್ದರು.

ಆ ಅಂಗಡಿಗಳಲ್ಲಿ ಇವತ್ತಿಗೂ ‘ಕಾರ್ಡ್ ಚೇಂಜ್ ಮಾಡ್ಕೊಡ್ತೀರಾ?’ ಎಂದು ಕೇಳಿದರೆ ‘ಮಾಡೋಣ ಸಾರ್, ಬಿಟ್ಟು ಹೋಗಿ’ ಎಂದೇ ಉತ್ತರ. ಬಿಟ್ಟು ಹೋಗಬೇಡಿ.

ನಡುವೆ ಯಾರೂ ಕೇಳದ ಪ್ರಶ್ನೆಯೊಂದು ಉಳಿದುಬಿಟ್ಟಿದೆ: ಇರುವ ಕಾರ್ಡು ಕೆಲಸ ಮಾಡುತ್ತಿದೆಯೇ? 2010ರಿಂದೀಚಿನ ಇಂಥ ಲ್ಯಾಪ್‌ಟಾಪುಗಳಲ್ಲಿ ಆಪ್ಟಿಮಸ್ ಎಂಬ ವ್ಯವಸ್ಥೆ ಇದೆ. ಪರದೆಯ ತಂತಿ ಇಂಟೆಲ್ ಗ್ರಾಫಿಕ್ಸಿಗೆ ಜೋಡಿಸಿರುತ್ತದೆ. ಎನ್‌ವಿಡಿಯಾ ಚಿಪ್ ಹಿಂದಿನ ಕೋಣೆಯಲ್ಲಿ ಬ್ಯಾಟರಿ ಉಳಿಸಲು ಮಲಗಿರುತ್ತದೆ, ಕರೆದರೆ ಮಾತ್ರ ಎದ್ದು ಬಂದು ಚಿತ್ರ ಬಿಡಿಸಿ ಇಂಟೆಲ್ಲಿನ ಕೈಗೆ ಕೊಟ್ಟು ಮತ್ತೆ ಮಲಗುತ್ತದೆ. ಕರೆಯುವ ಸೆಟ್ಟಿಂಗನ್ನು ಯಾರೂ ಮುಟ್ಟಿರದ ಎಷ್ಟೋ ಮನೆಗಳಲ್ಲಿ ಆ ಕಾರ್ಡು ಕೊಂಡ ದಿನದಿಂದ ನಿದ್ದೆಯಲ್ಲಿದೆ. ಅದನ್ನು ಎಬ್ಬಿಸುವ ಮೊದಲೇ ಬದಲಿಸುವ ಯೋಚನೆ. ಒಂದು ರಾಮ್ ಪಟ್ಟಿ ಇರುವಲ್ಲಿ ಅದೇ ಅಳತೆಯ ಇನ್ನೊಂದು ಹಾಕಿದರೆ, ಮೆಮೊರಿಯನ್ನೇ ಹಂಚಿಕೊಂಡು ಬದುಕುವ ಇಂಟೆಲ್ ಗ್ರಾಫಿಕ್ಸಿಗೆ ದಾರಿ ಇಮ್ಮಡಿ ಅಗಲವಾಗುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಅಪ್ಪನಿಗೆ ಲ್ಯಾಪ್‌ಟಾಪೇ ಹೊಸದು ಎನ್ನಿಸುತ್ತದೆ. ಹತ್ತು ವರ್ಷದ ಧೂಳು ಊದಿ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಬಿಸಿಗೆ ಹೆದರಿ ಕುಂಟುತ್ತಿದ್ದ ಪ್ರೊಸೆಸರು ನಡೆಯಲು ಶುರುಮಾಡುತ್ತದೆ. ಆಟೊಕ್ಯಾಡ್‌ನ ಸಾದಾ ನಕ್ಷೆಗಳಿಗೆ ಅಷ್ಟೇ ಸಾಕು, ಅದರ ಬಹುಪಾಲು ಕೆಲಸ ಪ್ರೊಸೆಸರಿನದು. ಇದನ್ನು ಮಗನಿಗೆ ಹೇಳಿದರೆ ಅವನ ಮುಖದಲ್ಲಿ ಸಂತೋಷ ಕಾಣುವುದಿಲ್ಲ. ಪ್ರಾಜೆಕ್ಟಿನ ಮೇಲೆ ಅವನಿಗಿದ್ದ ನಿಷ್ಠೆಯ ಪರೀಕ್ಷೆಯಾಗುವುದು ಆಗ.

ಕೇಂದ್ರ ಸರ್ಕಾರ ಸುಮ್ಮನೆ ಕೂತಿಲ್ಲ ಎಂದೂ ಹೇಳಬೇಕು. ರಿಪೇರಿಯ ಹಕ್ಕಿಗಾಗಿ 2022ರ ಜುಲೈಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲೂ ಬಂತು. ಟ್ರ್ಯಾಕ್ಟರಿನಿಂದ ಮೊಬೈಲಿನವರೆಗೆ ಕಂಪನಿಗಳ ಗ್ರಾಹಕ ಸೇವೆ, ವಾರಂಟಿಯ ವಿವರ ಅಲ್ಲಿ ಸಿಗುತ್ತದೆ. ಹಕ್ಕನ್ನು ಚಲಾಯಿಸಲು ಹೊರಟವನು ಮೊದಲು ಅದೇ ಟೈ ಕಟ್ಟಿದ ಹುಡುಗನಿಗೇ ಫೋನು ಮಾಡಬೇಕು ಎಂಬುದೊಂದು ಸಣ್ಣ ಕೊರತೆ. ಇನ್ನು ಮೈಕ್ರೊಸಾಫ್ಟ್ ತನ್ನ ಪಾಲಿನ ಸೇವೆ ಸಲ್ಲಿಸಿದೆ: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಸಿತು, ವಿಂಡೋಸ್ 11 ಬೇಕಾದರೆ ಇಂಟೆಲ್‌ನ ಎಂಟನೆಯ ತಲೆಮಾರಿನ ಪ್ರೊಸೆಸರಾದರೂ ಇರಬೇಕೆಂದಿತು. ಯಾವುದೋ ಪವಾಡದಿಂದ ಅಪ್ಪನ ಲ್ಯಾಪ್‌ಟಾಪಿಗೆ ಹೊಸ ಕಾರ್ಡ್ ಕೂತಿತು ಎಂದೇ ಇಟ್ಟುಕೊಳ್ಳಿ, ಅಧಿಕೃತ ವಿಂಡೋಸ್ ಅದನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಲಿನಕ್ಸ್ ಹಾಕಿಕೊಳ್ಳಬಹುದು. ಹಾಗೆ ಹೇಳುವವರು ನಾಲ್ಕು ದಿನ ಬಂದು ಮನೆಯಲ್ಲೇ ಉಳಿದು ಹೇಳಿಕೊಡುವುದಾದರೆ ಸ್ವಾಗತ.

ಬೆಸುಗೆಗೆ ಒಳ್ಳೆಯ ಕಾರಣಗಳೂ ಇವೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ತಂತಿಯ ದಾರಿ ಚಿಕ್ಕದಾದಷ್ಟೂ ಸಂಕೇತ ವೇಗವಾಗಿ, ಚೊಕ್ಕವಾಗಿ ಹರಿಯುತ್ತದೆ, ಕರೆಂಟು ಉಳಿಯುತ್ತದೆ, ದಪ್ಪ ಕಡಿಮೆಯಾಗುತ್ತದೆ. ಎಷ್ಟರಮಟ್ಟಿಗೆಂದರೆ, ರಿಪೇರಿಗೆಂದೇ ಹುಟ್ಟಿದ ಅಮೆರಿಕದ ಫ್ರೇಮ್‌ವರ್ಕ್ ಕಂಪನಿ 2025ರಲ್ಲಿ ಡೆಸ್ಕ್‌ಟಾಪ್ ಮಾಡಲು ಹೋಗಿ ಅದರಲ್ಲಿ ರಾಮ್ ಬೆಸೆಯಬೇಕಾಯಿತು, ಆರಿಸಿಕೊಂಡ ಎಎಂಡಿ ಚಿಪ್ಪಿಗೆ ಅಷ್ಟು ಅಗಲದ ದಾರಿ ಬೇಕಿತ್ತು. ಆದರೆ ಅದೇ ಕಂಪನಿ ತನ್ನ 16 ಇಂಚಿನ ಲ್ಯಾಪ್‌ಟಾಪಿನ ಹಿಂಬದಿಗೆ ಬಿಚ್ಚಿ ಹಾಕುವ ಗ್ರಾಫಿಕ್ಸ್ ಪೆಟ್ಟಿಗೆ ಇಟ್ಟಿತು. 2024ರಲ್ಲಿ ಎಎಂಡಿ ಗ್ರಾಫಿಕ್ಸಿನ ಜೊತೆ ಅದನ್ನು ಕೊಂಡವರು 2025ರಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 5070 ಪೆಟ್ಟಿಗೆಯನ್ನು ಅದೇ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಅವಕಾಶ ಪಡೆದರು. ಡೆಲ್, ಎಚ್‌ಪಿಗಳ ಪಕ್ಕದಲ್ಲಿ ನಿಲ್ಲಿಸಿದರೆ ಕಾಣಿಸದಷ್ಟು ಸಣ್ಣ ಕಂಪನಿಗೆ ಸಾಧ್ಯವಾದದ್ದು ದೈತ್ಯರಿಗೆ ತಾಂತ್ರಿಕವಾಗಿ ಅಸಾಧ್ಯವಂತೆ. ಅತ್ತ ಮೆಮೊರಿಯ ವಿಷಯದಲ್ಲಿ ದೈತ್ಯರು ಎಲ್‌ಪಿ-ಕ್ಯಾಮ್2 ಎಂಬ ಹೊಸ ಸಂಶೋಧನೆಯನ್ನು ಹೆಮ್ಮೆಯಿಂದ ತೋರಿಸುತ್ತಿದ್ದಾರೆ. ಸ್ಕ್ರೂ ಬಿಚ್ಚಿದರೆ ರಾಮ್ ಹೊರಬರುತ್ತದಂತೆ! ಪತ್ರಿಕಾಗೋಷ್ಠಿಯಲ್ಲಿ ಚಪ್ಪಾಳೆ ಬಿತ್ತು.

ಹೀಗೆಲ್ಲ ಇರುವಾಗ ಬಿಚ್ಚಿ ಬದಲಿಸುವ ಲ್ಯಾಪ್‌ಟಾಪು ನಮ್ಮಲ್ಲಿ ಇಲ್ಲವೇ ಇಲ್ಲ ಎಂದುಕೊಳ್ಳಬೇಡಿ. ಬೆಂಗಳೂರಿನ ಎಸ್.ಪಿ. ರೋಡಿನ ಮೆಟ್ಟಿಲುಗಳ ಮೇಲೆ, ಐಟಿ ಕಂಪನಿಗಳಿಂದ ಲಾಟುಗಟ್ಟಲೆ ಬರುವ ಹಳೆಯ ಲ್ಯಾಪ್‌ಟಾಪುಗಳನ್ನು ಮಾರುವ ಅಂಗಡಿಗಳಿವೆ. ಅಂಥದ್ದೊಂದರ ಮೇಲಿನ ಶೆಲ್ಫಿನಲ್ಲಿ 2013ರ ಡೆಲ್ ಪ್ರಿಸಿಷನ್ ಎಂ4800 ಕೂತಿತ್ತು. ಎಂಎಕ್ಸ್‌ಎಂ ಸ್ಲಾಟು, ನಾಲ್ಕು ರಾಮ್ ಪಟ್ಟಿಗೆ ಜಾಗ, ತಳದ ಮುಚ್ಚಳಕ್ಕೆ ಎರಡೇ ಸ್ಕ್ರೂ. ಕಾರ್ಡು ಕೆಟ್ಟರೆ ಬಿಚ್ಚಬಹುದು, ಹುಡುಕಿ ತಂದರೆ ಮುಂದಿನ ತಲೆಮಾರಿನದು ಹಾಕಲೂಬಹುದು. ಗಿರಾಕಿಯೊಬ್ಬರು ಅದನ್ನು ಎರಡು ಕೈಯಲ್ಲಿ ಎತ್ತಿ, ‘ಅಬ್ಬಾ, ಮೂರು ಕಿಲೋ ಇರಬೇಕಲ್ರೀ ಇದು! ತೆಳ್ಳಗಿರೋದು ತೋರ್ಸಿ’ ಎಂದು ಕೆಳಗಿಟ್ಟರು. ತೆಳ್ಳಗಿದ್ದದ್ದು ಮೂರು ನಿಮಿಷದಲ್ಲಿ ಬಿಲ್ ಆಯಿತು.

‘ಈ ದಪ್ಪದ್ದು ಯಾರೂ ತಗೊಳ್ಳೋದೇ ಇಲ್ವಾ?’ ಎಂದು ಕೇಳಿದೆ.

‘ತಗೊಳ್ತಾರೆ ಸಾರ್,’ ಎಂದ ಅಂಗಡಿಯ ಹುಡುಗ, ಅದನ್ನು ಮತ್ತೆ ಶೆಲ್ಫಿಗೆ ಏರಿಸುತ್ತ. ‘ಒಳಗಿರೋ ಕಾರ್ಡ್ ಬಿಚ್ಚಿ ಮಾರ್ಕೊಳ್ಳೋಕೆ.’